ಅವಸರದವರಿಗೆ ಬೆಟ್ಟ ಏನು ಕೊಟ್ಟೀತು

ಬೆಂಗಳೂರಿನಿಂದ ಮಡಿಕೇರಿಗೆ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್. ಹೋಗಿ ಬರುವುದಕ್ಕೆ 520. ಬಂದ ಮೇಲೆ ದುಬಾರೆ, ಅಬ್ಬಿ ಜಲಪಾತ, ತಲಕಾವೇರಿ ಎಂದು ಸುತ್ತುವುದನ್ನೂ ಸೇರಿಸಿದರೆ 700 ಎಂದು ಇಟ್ಟುಕೊಳ್ಳಬಹುದು. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿಗೆ ಇಷ್ಟು ದೂರಕ್ಕೆ 46 ಲೀಟರಿಗಿಂತ ಹೆಚ್ಚು ಬೇಕು, ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ವಾರಾಂತ್ಯದ ಪ್ರವಾಸಕ್ಕೆ ನೂರು ಕಿಲೋಗಿಂತ ಹೆಚ್ಚು. ಕಾರಿನಲ್ಲಿ ನಾಲ್ವರಿದ್ದರೆ ತಲೆಗೆ 27 ಕಿಲೋದಷ್ಟು, ಇಬ್ಬರೇ ಬಂದರೆ ಅದರ ಇಮ್ಮಡಿ. ಇದೇ ಪ್ರವಾಸವನ್ನು ಗಂಟೆಗಳಲ್ಲಿ ಅಳೆದರೆ ಇನ್ನೊಂದು ಚಿತ್ರ ಸಿಗುತ್ತದೆ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟು ಭಾನುವಾರ ರಾತ್ರಿ ಹತ್ತಕ್ಕೆ ಮನೆ ಸೇರುವ ಪ್ರವಾಸಿಗೆ ಇರುವುದು 48 ಗಂಟೆ. ಹೋಗಿ ಬರುವ ದಾರಿಗೆ ಹನ್ನೆರಡು, ನಮ್ಮ ತಿರುವು ರಸ್ತೆಗಳಲ್ಲಿ ಸುತ್ತುವುದಕ್ಕೆ ಐದಾರು, ಅರೆಬರೆ ನಿದ್ದೆಗೆ ಹನ್ನೆರಡು. ಉಳಿದ ಹದಿನೆಂಟರಲ್ಲಿ ಊಟ, ಸ್ನಾನ, ಪಾರ್ಕಿಂಗ್ ಹುಡುಕಾಟ, ಟಿಕೆಟ್ ಸಾಲು ಎಲ್ಲವೂ ಕಳೆದ ಮೇಲೆ ಒಂದು ಮರದ ಕೆಳಗೆ ಸುಮ್ಮನೆ ನಿಲ್ಲುವುದಕ್ಕೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಕಳೆದ ಪ್ರವಾಸವನ್ನು ನೆನೆದು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಈ ಎರಡು ಲೆಕ್ಕಗಳು ಬೇರೆ ಬೇರೆಯಲ್ಲ ಎನ್ನುವುದು ನಾನು ಇಲ್ಲಿ ಹೇಳಬೇಕೆಂದಿರುವ ಮಾತು. ನಾನು ಹುಟ್ಟಿ ಬೆಳೆದದ್ದು, ಈಗಲೂ ಇರುವುದು ಮಡಿಕೇರಿಯಿಂದ ನಾಪೋಕ್ಲು ಕಡೆಗೆ ಇಳಿಯುವ ದಾರಿಯ ಒಂದು ಊರಿನಲ್ಲಿ; ನಮ್ಮದು ಸಣ್ಣ ಕಾಫಿ ತೋಟ, ಸುತ್ತಮುತ್ತಲಿನ ಮನೆಗಳಲ್ಲಿ ಹಲವು ಈಗ ಹೋಂಸ್ಟೇಗಳು. ಪ್ರವಾಸಿಗರನ್ನು ದೂರುವುದು ನಮ್ಮ ಕಡೆ ಬಹಳ ಸುಲಭವಾದ ಕಾಲಹರಣ, ಅವರ ಹಣವನ್ನು ಎಣಿಸಿಕೊಳ್ಳುತ್ತಲೇ ದೂರುವುದೂ ಉಂಟು. ಆದರೆ ಬಂದವರನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದು ಬೇರೆ: ಕೊಡಗಿನ ಮಣ್ಣಿಗೆ, ನೀರಿಗೆ ಯಾವುದು ಕೇಡು ಮಾಡುತ್ತಿದೆಯೋ ಅದೇ ಬಂದವರ ಮನಸ್ಸಿಗೂ ವಿಶ್ರಾಂತಿ ಸಿಗದ ಹಾಗೆ ಮಾಡುತ್ತಿದೆ. ಎರಡಕ್ಕೂ ಕಾರಣ ಅವಸರ. ಬೆಟ್ಟವನ್ನು ಉಳಿಸುವುದು, ಬಂದವರು ಹಗುರಾಗಿ ಹಿಂತಿರುಗುವುದು ಎರಡೂ ಒಂದೇ ದಾರಿಯಲ್ಲಿವೆ. ಇದು ಹೇಳುವುದಕ್ಕೆ ಚೆನ್ನಾಗಿದೆ, ನಡೆಸುವುದು ಕಷ್ಟ. ಯಾಕೆ ಕಷ್ಟ ಎಂಬುದಕ್ಕೂ ಬರುತ್ತೇನೆ.

ಮಾಂದಲಪಟ್ಟಿಯಿಂದ ಆರಂಭಿಸುತ್ತೇನೆ, ಏಕೆಂದರೆ ಅವಸರ ತನ್ನ ಗುರುತನ್ನು ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಬಿಟ್ಟಿರುವುದು ಅಲ್ಲಿ. ಪುಷ್ಪಗಿರಿ ಸಾಲಿಗೆ ಸೇರಿದ ಈ ಹುಲ್ಲುಬೆಟ್ಟಕ್ಕೆ ಕೊನೆಯ ಕೆಲವು ಕಿಲೋಮೀಟರ್ ಸಾಧಾರಣ ಕಾರು ಹೋಗಲಾರದು. ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಜೀಪೇ ಬೇಕು. ಬೆಳಗಿನ ಮಂಜು ಕರಗುವ ಮೊದಲು ಮೇಲೆ ಇರಬೇಕೆಂದು ಜೀಪುಗಳು ನಸುಕಿನಲ್ಲೇ ಸಾಲುಗಟ್ಟುತ್ತವೆ. ಆ ದಾರಿಯಲ್ಲಿ ಜೀಪು ಓಡಿಸುವ ಪರಿಚಯದ ಹುಡುಗನೊಬ್ಬ ಒಮ್ಮೆ ಹೇಳಿದ: “ಅಕ್ಕಾ, ಮೇಲೆ ಒಂದು ಗಂಟೆ ನಿಲ್ಲಬಹುದು ಅಂತ ಹೇಳಿಯೇ ಕರೆದುಕೊಂಡು ಹೋಗ್ತೇವೆ. ಇಪ್ಪತ್ತು ನಿಮಿಷಕ್ಕೇ ಫೋಟೋ ಆಯ್ತು, ಇಳಿಯೋಣ, ಮುಂದಿನ ಜಾಗ ಯಾವುದು ಅಂತ ಕೇಳ್ತಾರೆ.” ಅವನಿಗೆ ಇದರಿಂದ ಬೇಸರವೇನಿಲ್ಲ, ಬೇಗ ಇಳಿದರೆ ಇನ್ನೊಂದು ಬಾಡಿಗೆ ಸಿಗುತ್ತದೆ. ಹಾಗಾಗಿ ಪ್ರವಾಸಿಯ ಅವಸರವೂ ಚಾಲಕನ ಅವಸರವೂ ಒಂದಕ್ಕೊಂದು ಹೊಂದಿಕೊಂಡು ದಿನಕ್ಕೆ ಓಡುವ ಜೀಪುಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ.

ಹುಲ್ಲುಬೆಟ್ಟವನ್ನು ಖಾಲಿ ಜಾಗ ಎಂದು ತಿಳಿಯುವವರೇ ಹೆಚ್ಚು. ಪಶ್ಚಿಮಘಟ್ಟದ ನೆತ್ತಿಯ ಮೇಲೆ ಹುಲ್ಲು, ಅದರ ಮಡಿಕೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು, ಈ ಜೋಡಣೆ ಸಾವಿರಾರು ವರ್ಷಗಳದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ಹುಲ್ಲಿನ ಬೇರು ಹಿಡಿದು ನಿಧಾನಕ್ಕೆ ಮಣ್ಣಿಗೆ ಇಳಿಸುತ್ತದೆ, ಶೋಲಾದ ದಪ್ಪ ಎಲೆಗೊಬ್ಬರ ಅದನ್ನು ಇನ್ನಷ್ಟು ನಿಧಾನಿಸುತ್ತದೆ, ಆಮೇಲೆ ಅದು ಬೇಸಗೆಯುದ್ದಕ್ಕೂ ಒರತೆಗಳಾಗಿ ಹೊರಗೆ ಬರುತ್ತದೆ. ಕೊಡಗಿನಲ್ಲಿ ಕಾವೇರಿಗೆ ಸೇರುವ ತೋಡುಗಳು ಮಾರ್ಚ್‌ನಲ್ಲೂ ಸ್ವಲ್ಪವಾದರೂ ಹರಿಯುತ್ತಿದ್ದರೆ ಅದಕ್ಕೆ ಕಾರಣ ಈ ತಡೆದು ತಡೆದು ಬಿಡುವ ಗುಣ. ಭಾರದ ಚಕ್ರ ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಉರುಳಿದಾಗ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ, ಜಾಡೇ ಕಾಲುವೆಯಾಗುತ್ತದೆ, ಮುಂದಿನ ಮಳೆಗೆ ಕಾಲುವೆ ಕೊರಕಲಾಗುತ್ತದೆ. ಕೊರಕಲಾದ ಜಾಡನ್ನು ತಪ್ಪಿಸಲು ಜೀಪು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಹಿಡಿಯುತ್ತದೆ. ಇದನ್ನು ತಿಳಿಯಲು ಪರಿಣತರೇನೂ ಬೇಕಾಗಿಲ್ಲ, ಎರಡು ಮಳೆಗಾಲದ ನಡುವೆ ಹೋಗಿ ನೋಡಿದರೆ ಸಾಕು.

ಈಗ ಬಂದವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಬರೋಣ. ಹಸಿರು ಮನಸ್ಸಿಗೆ ಹಿತ ಎಂಬುದನ್ನು ಯಾರೂ ಸಾಧಿಸಿ ತೋರಿಸಬೇಕಾಗಿಲ್ಲ ಎಂದು ಅನ್ನಿಸಬಹುದು, ಆದರೆ ಈ ವಿಷಯದಲ್ಲಿ ನಡೆದಿರುವ ಅಧ್ಯಯನಗಳು ಹೇಳುವ ವಿವರಗಳು ಕುತೂಹಲಕರವಾಗಿವೆ. ಎಲ್ಲರೂ ನೆನೆಯುವ ಮೊದಲನೆಯದು 1984ರಲ್ಲಿ ಪ್ರಕಟವಾದದ್ದು. ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ ಕೋಣೆಯ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದ ಕೋಣೆಯವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವುಶಾಮಕಗಳನ್ನು ಕಡಿಮೆ ತೆಗೆದುಕೊಂಡಿದ್ದರು. ಹೋಲಿಸಿದ್ದು ಕೇವಲ 23 ಜೋಡಿ ರೋಗಿಗಳನ್ನು, ಆದ್ದರಿಂದ ಅದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೂ ಗಮನಿಸಬೇಕಾದದ್ದು ಆ ರೋಗಿಗಳು ಎಲ್ಲಿಗೂ ಹೋಗಿರಲಿಲ್ಲ ಎಂಬುದನ್ನು. ಹಾಸಿಗೆಯಲ್ಲಿ ಮಲಗಿ, ಅದೇ ಮರಗಳನ್ನು ದಿನವೂ ನೋಡುತ್ತಿದ್ದರು.

2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಇಟ್ಟುಕೊಂಡು ನಡೆದ ಇನ್ನೊಂದು ಅಧ್ಯಯನ ಬಹಳ ಸುದ್ದಿಯಾಯಿತು. ವಾರಕ್ಕೆ ಒಟ್ಟು 120 ನಿಮಿಷವಾದರೂ ಉದ್ಯಾನ, ಕಾಡು, ಕಡಲತೀರದಂತಹ ಕಡೆ ಕಳೆಯುವವರಲ್ಲಿ ತಮ್ಮ ಆರೋಗ್ಯ ಚೆನ್ನಾಗಿದೆ, ಬದುಕು ತೃಪ್ತಿಕರವಾಗಿದೆ ಎಂದು ಹೇಳಿದವರು ಹೆಚ್ಚು. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ, ತುಂಡು ತುಂಡಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆಯೇ ಎಂಬ ಅನುಮಾನವನ್ನು ಇಂತಹ ಅಧ್ಯಯನ ಪೂರ್ತಿಯಾಗಿ ಬಗೆಹರಿಸಲಾರದು, ಅದನ್ನು ಸಂಶೋಧಕರೇ ಒಪ್ಪಿಕೊಂಡಿದ್ದಾರೆ. ಆದರೆ ಇಲ್ಲಿಯೂ ಲೆಕ್ಕಕ್ಕೆ ಬಂದದ್ದು ಕಳೆದ ಹೊತ್ತು, ಕ್ರಮಿಸಿದ ದೂರವಲ್ಲ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಶಿನ್ರಿನ್ ಯೊಕು, ಅಂದರೆ ಅರಣ್ಯಸ್ನಾನ ಎಂಬ ಹೆಸರು ಕೊಟ್ಟು ಪ್ರಚಾರ ಮಾಡಿದ್ದೂ ನಿಧಾನವಾಗಿ ನಡೆಯುವುದನ್ನು, ನಿಂತು ಉಸಿರೆಳೆದುಕೊಳ್ಳುವುದನ್ನು, ಕೇಳುವುದನ್ನು. ಇದರ ಜತೆಗೆ ಇನ್ನೊಂದು ಸಂಗತಿಯಿದೆ: ರಜೆಯ ಪರಿಣಾಮವನ್ನು ಅಳೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವಂತೆ, ಪ್ರವಾಸದಿಂದ ಬಂದ ಉಲ್ಲಾಸ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗಿ ಹೋಗುತ್ತದೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಕೊಡಗಿನ ಹೋಂಸ್ಟೇ ಉದ್ಯಮಕ್ಕೆ ಅಷ್ಟೇನೂ ಹಿಡಿಸದ ತೀರ್ಮಾನವೊಂದು ಎದುರಾಗುತ್ತದೆ. ಆರೋಗ್ಯವೇ ಗುರಿಯಾಗಿದ್ದರೆ ಬೆಂಗಳೂರಿನವರಿಗೆ ವರ್ಷಕ್ಕೆರಡು ಸಲ ಮಡಿಕೇರಿಗಿಂತ ವಾರಕ್ಕೆರಡು ಸಲ ಕಬ್ಬನ್ ಪಾರ್ಕ್ ಅಥವಾ ಮನೆ ಹತ್ತಿರದ ಕೆರೆ ಏರಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೈಸೂರಿನವರಿಗಂತೂ ಕುಕ್ಕರಹಳ್ಳಿ ಕೆರೆಯೇ ಇದೆ. ಹೀಗೆ ಹೇಳಿದರೆ ನಮ್ಮೂರಿನ ಕೆಲವರು ನನ್ನನ್ನು ಊರಿನ ಶತ್ರು ಎಂದು ಕರೆದಾರು. ಆದರೆ ಇದರ ಇನ್ನೊಂದು ಮುಖ ನಮಗೆ ಅನುಕೂಲವೇ ಆಗಿದೆ: ಮನಸ್ಸಿನ ದಣಿವು ಕಳೆಯುವ ಭಾರವನ್ನೆಲ್ಲ ಎರಡು ದಿನದ ಪ್ರವಾಸದ ಮೇಲೆ ಹೊರಿಸದೆ ಇದ್ದಾಗ, ಬಂದವರು ಎಂಟು ಜಾಗ ನೋಡಲೇಬೇಕೆಂಬ ಹಟವನ್ನು ಬಿಟ್ಟಾರು.

ಆ ಹಟ ನಮ್ಮ ಇಳಿಜಾರುಗಳಿಗೆ ಏನು ಮಾಡಿದೆ ಎಂಬುದನ್ನು 2018ರ ಆಗಸ್ಟ್ ತೋರಿಸಿತು ಎಂದು ಹೇಳುವಾಗ ಎಚ್ಚರಿಕೆ ಬೇಕು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಯ ಕಡೆ ಬೆಟ್ಟಗಳೇ ಇಳಿದು ಬಂದಾಗ ಸುರಿದಿದ್ದ ಮಳೆ ಅಸಾಧಾರಣವಾದದ್ದು. ಎಷ್ಟೋ ಕಡೆ ಕುಸಿದದ್ದು ಯಾವ ರೆಸಾರ್ಟೂ ಇಲ್ಲದ ಜಾಗ; ಮನೆ ಕಳೆದುಕೊಂಡವರು ಪ್ರವಾಸೋದ್ಯಮದಿಂದ ಒಂದು ರೂಪಾಯಿಯನ್ನೂ ಕಾಣದ ತೋಟದ ಕೆಲಸಗಾರರು, ಸಣ್ಣ ರೈತರು. 2019ರಲ್ಲಿ ತೋರ ಗ್ರಾಮದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಮತ್ತೆ ಬೆಟ್ಟ ಜಾರಿತು. ತಲಕಾವೇರಿಯಲ್ಲಿ ದೇವಾಲಯದ ಪ್ರಧಾನ ಅರ್ಚಕರೂ ಆಗ ಅವರ ಮನೆಯಲ್ಲಿದ್ದವರೂ ಮಣ್ಣಿನಡಿ ಸಿಲುಕಿ ತೀರಿಕೊಂಡರು. ಇವೆಲ್ಲಕ್ಕೂ ಪ್ರವಾಸಿಗರೇ ಕಾರಣ ಎನ್ನುವುದು ಸುಳ್ಳು, ಅವರಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ಅಷ್ಟೇ ಸುಳ್ಳು.

ಕೊಡಗಿನಲ್ಲಿ ಹುಟ್ಟಿದ ಯಾರಿಗಾದರೂ ಬರೆ ಕುಸಿಯುವುದು ಗೊತ್ತಿರುವ ವಿಷಯ. ಇಳಿಜಾರಿನ ಬುಡವನ್ನು ನೇರವಾಗಿ ಕಡಿದಾಗ ಉಳಿಯುವ ಮಣ್ಣಿನ ಗೋಡೆಯೇ ಬರೆ. ಹಿಂದೆ ಮನೆ ಕಟ್ಟುವಾಗ ಗುದ್ದಲಿ, ಹಾರೆಯಿಂದ ಎಷ್ಟು ಕಡಿಯಲು ಸಾಧ್ಯವೋ ಅಷ್ಟನ್ನೇ ಕಡಿಯುತ್ತಿದ್ದರು, ಬರೆಯ ಎತ್ತರ ಆಳಿನ ಶಕ್ತಿಗೆ ತಕ್ಕಂತೆ ನಿಲ್ಲುತ್ತಿತ್ತು. ಜೆಸಿಬಿ ಬಂದ ಮೇಲೆ ಒಂದು ದಿನದಲ್ಲಿ ಬೆಟ್ಟದ ತೊಡೆಯನ್ನು ಕಡಿದು ಹತ್ತು ಕಾರು ನಿಲ್ಲುವ ಅಂಗಳ ಮಾಡಬಹುದು. ಕಾಲಿನ ಆಧಾರ ಹೋದ ಇಳಿಜಾರಿನ ಮೇಲೆ ನೀರು ಸೇರಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಹೊಸ ರಸ್ತೆ, ಅದಕ್ಕೆ ಸರಿಯಾದ ಚರಂಡಿ ಇಲ್ಲದಿರುವುದು, ತೋಡಿನ ಹಾದಿಯನ್ನು ಮುಚ್ಚಿ ಮಾಡಿದ ಮಟ್ಟಸ ನೆಲ, ಬೆಟ್ಟದ ಮೇಲಿನ ಕೆರೆ, ಇವೆಲ್ಲವೂ ಅಸಾಧಾರಣ ಮಳೆಯ ದಿನ ಲೆಕ್ಕಕ್ಕೆ ಬರುತ್ತವೆ. ಹೋಂಸ್ಟೇ ಮಾತ್ರವಲ್ಲ, ನಮ್ಮ ಸ್ವಂತ ಮನೆಗಳೂ ತೋಟದ ರಸ್ತೆಗಳೂ ಹೀಗೆಯೇ ಆಗಿವೆ. ಆದರೆ ಅತಿಥಿಗೆ ಬೇಕಾದದ್ದು ಕಣಿವೆಯ ನೋಟ, ಕಣಿವೆಯ ನೋಟ ಸಿಗುವುದು ಕಡಿದಾದ ಅಂಚಿನಲ್ಲಿ. ಹಳಬರು ಮನೆ ಕಟ್ಟದೆ ಬಿಟ್ಟ ಜಾಗವೇ ಇವತ್ತು ಅತಿ ಹೆಚ್ಚು ಬಾಡಿಗೆಯ ಕೋಣೆ ಇರುವ ಜಾಗ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳನ್ನು ನೋಡಿ: ಹೆಚ್ಚಿನವು ಗದ್ದೆಯ ಬಯಲಿಗೆ ಮುಖ ಮಾಡಿ, ಸ್ವಲ್ಪವೇ ಎತ್ತರದಲ್ಲಿ, ಸೌಮ್ಯವಾದ ಇಳಿಜಾರಿನಲ್ಲಿ ನಿಂತಿವೆ. ಬೆಟ್ಟದ ತುದಿಯಲ್ಲಿ ಐನ್‌ಮನೆ ಕಟ್ಟಿದವರನ್ನು ನಾನು ಕಂಡಿಲ್ಲ.

ನೀರಿನ ವಿಷಯ ಹೊರಗಿನವರಿಗೆ ಅರ್ಥ ಮಾಡಿಸುವುದು ಇನ್ನೂ ಕಷ್ಟ. ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿನ ಕೊರತೆಯೇ ಎಂದು ನಗುತ್ತಾರೆ. ಮಳೆ ನಾಲ್ಕು ತಿಂಗಳದ್ದು, ಪ್ರವಾಸಿ ಋತು ಉಳಿದ ಎಂಟು ತಿಂಗಳದ್ದು. ಫೆಬ್ರವರಿ, ಮಾರ್ಚ್ ಹೊತ್ತಿಗೆ ರೊಬಸ್ಟಾ ಹೂವಿಗೆ ನೀರು ಬೇಕು; ಹೂಮಳೆ ಸಮಯಕ್ಕೆ ಬಾರದಿದ್ದರೆ ಹೊಳೆ, ತೋಡು, ಕೆರೆಗಳಿಂದ ಪಂಪು ಹಾಕಿ ಸ್ಪ್ರಿಂಕ್ಲರ್ ಓಡಿಸುತ್ತೇವೆ, ಅದರಲ್ಲಿ ನಮ್ಮ ಪಾಲೂ ಇದೆ. ಹಾಗೆ ಬತ್ತಿದ ಹೊಳೆಗೆ ಏಪ್ರಿಲ್, ಮೇ ತಿಂಗಳ ಶಾಲಾ ರಜೆಯ ಜನ ಸೇರುತ್ತಾರೆ. ಮಡಿಕೇರಿ ಪಟ್ಟಣ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದು ಮುಖ್ಯವಾಗಿ ಕೂಟುಹೊಳೆಯನ್ನು, ಜತೆಗೆ ಕುಂಡಾಮೇಸ್ತ್ರಿ ಯೋಜನೆಯನ್ನು. ಎರಡೂ ಮಳೆಗಾಲದ ಉಳಿಕೆಯ ಮೇಲೆ ನಿಂತಿವೆ. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 5.54 ಲಕ್ಷ, ವಿಸ್ತೀರ್ಣ 4,102 ಚದರ ಕಿಲೋಮೀಟರ್. ಇಲ್ಲಿನ ಕೊಳವೆ, ಚರಂಡಿ, ಕಸದ ಲಾರಿ ಎಲ್ಲವನ್ನೂ ಅಂದಾಜು ಮಾಡಿರುವುದು ಇಷ್ಟು ಜನರ ಲೆಕ್ಕದಲ್ಲಿ. ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ಬಂದು ಸೇರುವವರ ಸ್ನಾನದ ನೀರು, ತೊಳೆಯುವ ಹಾಸುಬಟ್ಟೆ, ಬಿಟ್ಟು ಹೋಗುವ ಬಾಟಲಿ ಯಾವ ಅಂದಾಜಿನಲ್ಲೂ ಇಲ್ಲ. ಈಜುಕೊಳದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕಸದ ಬಗ್ಗೆಯೂ ಹೆಚ್ಚು ಹೇಳಬೇಕಾಗಿಲ್ಲ, ಅದನ್ನು ಎಲ್ಲರೂ ಕಂಡಿದ್ದಾರೆ, ಎಲ್ಲರೂ ಬೇರೆಯವರದೆಂದು ನಂಬಿದ್ದಾರೆ.

ಇಷ್ಟಾದರೂ ಕೊಡಗಿನಲ್ಲಿ ಪ್ರಕೃತಿಯ ಜತೆ ನಡೆದುಕೊಳ್ಳುವ ಹಳೆಯ ಕ್ರಮವೊಂದು ಇನ್ನೂ ಬದುಕಿದೆ, ಅದು ಪ್ರವಾಸೋದ್ಯಮಕ್ಕೆ ನೇರ ವಿರುದ್ಧ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಒಟ್ಟು ಸುಮಾರು 2,500 ಹೆಕ್ಟೇರ್. ಹೆಚ್ಚಿನವು ಬಹಳ ಸಣ್ಣವು, ಒಂದೆರಡು ಎಕರೆಯವೂ ಉಂಟು. ಅಯ್ಯಪ್ಪ, ಭಗವತಿ, ಭದ್ರಕಾಳಿ, ಮಹಾದೇವ, ಹೀಗೆ ಒಂದೊಂದು ಕಾಡಿಗೆ ಒಬ್ಬೊಬ್ಬ ದೇವರು. ಬೇಟೆಯ ದೇವರಾದ ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕುಳಿತಿರುತ್ತವೆ, ಪಾಚಿ ಹಿಡಿದು, ಕೆಲವು ಕಿವಿ ಮುರಿದು. ಈ ಕಾಡುಗಳಿಗೆ ಊರಿನವರು ಹೋಗುವುದು ಹಬ್ಬದ ದಿನ, ತಕ್ಕರು, ಅಂದರೆ ಊರಿನ ಮುಖ್ಯಸ್ಥರು, ಕಟ್ಟುಪಾಡು ವಿಧಿಸಿದ ಮೇಲೆ, ಮಾಡಬೇಕಾದ ವಿಧಿ ಮಾಡಲು. ಉಳಿದ ದಿನಗಳಲ್ಲಿ ಯಾರೂ ಸುಮ್ಮನೆ ಒಳಗೆ ಹೋಗುವುದಿಲ್ಲ, ಸೊಪ್ಪು ಕಡಿಯುವುದಿಲ್ಲ, ಬಿದ್ದ ಕೊಂಬೆಯನ್ನೂ ತರುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರ ದೇವರಕಾಡಿನ ಅಂಚಿನ ಓಣಿಯಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದೆವು. ಅಲ್ಲಿ ಬಂದ ಕೂಡಲೇ ಮಾತು ತಾನಾಗಿ ತಗ್ಗುತ್ತಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕಾಡಿನ ಒಳಗೆ ಏನಿದೆ ಎಂದು ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಆದರೆ ಆ ಓಣಿಯ ತಂಪು, ಜೀರುಂಡೆಗಳ ಸದ್ದು ಒಮ್ಮೆಲೇ ನಿಂತು ಮತ್ತೆ ಏಳುವ ರೀತಿ, ಹೆಸರು ಗೊತ್ತಿಲ್ಲದ ಹಣ್ಣಿನ ಕೊಳೆತ ಸಿಹಿ ವಾಸನೆ, ಇವು ನನ್ನ ಮೈಯೊಳಗೇ ಇವೆ.

ದೇವರಕಾಡುಗಳನ್ನು ವೈಭವೀಕರಿಸುವ ಮನಸ್ಸು ನನಗಿಲ್ಲ. ಒತ್ತುವರಿಯಿಂದ ಅವು ಬಹಳ ಕುಗ್ಗಿವೆ, ಒತ್ತುವರಿ ಮಾಡಿದವರು ಹೊರಗಿನವರೇ ಎಂದೇನೂ ಇಲ್ಲ. ಕೆಲವು ಕಡೆ ಗುಡಿಯನ್ನು ದೊಡ್ಡದು ಮಾಡುವ ಉತ್ಸಾಹದಲ್ಲಿ ಮರಗಳೇ ಹೋದವು. ಆದರೂ ಅವುಗಳ ಹಿಂದಿನ ತಿಳಿವಳಿಕೆ ದೊಡ್ಡದು: ಕಾಡಿನಿಂದ ಹಿತ ಪಡೆಯಲು ಅದರ ಪ್ರತಿ ಮೂಲೆಯನ್ನೂ ಮೆಟ್ಟಬೇಕಾಗಿಲ್ಲ. ಇರುವ ಕಾಡಿನ ಅಂಚಿನಲ್ಲಿ ಬದುಕಿದರೆ ಸಾಕು. ಮೇಲೆ ಹೇಳಿದ ಆಸ್ಪತ್ರೆಯ ಕಿಟಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ದಿಕ್ಕಿನಲ್ಲಿವೆ ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಅಡ್ಡಮಾತು ಅಗತ್ಯ. ಕಾಡಿಗೆ ಯಾರೂ ಹೋಗಬಾರದು ಎಂಬ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದೂ ಮುಖ್ಯ. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿದ್ದ ಜೇನುಕುರುಬ, ಬೆಟ್ಟಕುರುಬ, ಎರವ ಕುಟುಂಬಗಳನ್ನು ಹೊರಗೆ ಕಳಿಸುವ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಅದೇ ಕಾಡಿನೊಳಗೆ 1990ರ ದಶಕದಲ್ಲಿ ಪಂಚತಾರಾ ಮಟ್ಟದ ವಸತಿಗೃಹ ಎದ್ದು ನಿಲ್ಲುವುದರಲ್ಲಿತ್ತು. ಆದಿವಾಸಿಗಳು ಪ್ರತಿಭಟಿಸಿ, ಹೈಕೋರ್ಟಿಗೆ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಿದರು. ಕೊಡಗಿನ ಪರಿಸರದ ಚರಿತ್ರೆಯಲ್ಲಿ ಪ್ರವಾಸೋದ್ಯಮಕ್ಕೆ ಇಲ್ಲಿಯವರೆಗೆ ಮಾತ್ರ ಎಂದು ಗೆರೆ ಎಳೆದವರಲ್ಲಿ ತೋಟದ ಮಾಲೀಕರಿಗಿಂತ ಮೊದಲಿಗರು ಅವರು. ಇವತ್ತಿಗೂ ಅರಣ್ಯ ಹಕ್ಕಿನ ಅರ್ಜಿ ಹಿಡಿದು ಅವರು ಅಲೆಯುತ್ತಿರುವಾಗ ಸಫಾರಿ ವಾಹನಗಳು ವರ್ಷಗಳಿಂದ ಅದೇ ಕಾಡಿನೊಳಗೆ ಹೋಗಿ ಬಂದಿವೆ. ಶಾಂತಿ ಹುಡುಕಿ ಬರುವವರು ಆ ವಾಹನದಲ್ಲಿ ಕೂರುವ ಮೊದಲು ಇಷ್ಟನ್ನಾದರೂ ತಿಳಿದಿರುವುದು ಒಳ್ಳೆಯದು.

ಹಾಗಾದರೆ ಪ್ರವಾಸವೇ ಬೇಡವೇ ಎಂದು ಕೇಳಿದರೆ, ಬೇಡ ಎಂದು ಹೇಳುವ ಧೈರ್ಯ ನಮ್ಮೂರಿನಲ್ಲಿ ಇರುವವರಿಗೆ ಇಲ್ಲ. ಗದ್ದೆ ಬೇಸಾಯ ಲಾಭವಿಲ್ಲವೆಂದು ಎಷ್ಟೋ ಕಡೆ ಪಾಳು ಬಿದ್ದಿದೆ. ಏಲಕ್ಕಿಯನ್ನು ಕಟ್ಟೆ ರೋಗ ತಿಂದಿತು. ಕಾಫಿಗೆ 2024ರ ಆಚೀಚೆ ಒಳ್ಳೆಯ ಬೆಲೆ ಬಂದಿತಾದರೂ ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ರೊಬಸ್ಟಾ ಮಾರಿದ ಹಣ ಕೊಯ್ಲಿನ ಕೂಲಿಗೆ ಸಾಕಾಗುತ್ತಿರಲಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಖಾಲಿ ಕೋಣೆಗಳಿದ್ದವು. ಬಂದವರಿಗೆ ಅಕ್ಕಿರೊಟ್ಟಿ, ಕಡಂಬುಟ್ಟು, ಕಾಚಂಪುಳಿ ಹಾಕಿದ ಹಂದಿಸಾರು ಬಡಿಸಿ ಮಾತಾಡಿದರೆ ಹಣವೂ ಬಂತು, ಮನೆಗೆ ಸದ್ದೂ ಬಂತು. ಅದು ನಿಜವಾದ ಹೋಂಸ್ಟೇ. ತೋಟವನ್ನು ಮಾರಿ ಬಡಾವಣೆ ಮಾಡುವುದಕ್ಕಿಂತ, ನೆರಳಿನ ಹಳೆ ಮರಗಳನ್ನು ಕಡಿದು ಸಿಲ್ವರ್ ಓಕ್ ನೆಡುವುದಕ್ಕಿಂತ ಅದು ಸಾವಿರ ಪಾಲು ಮೇಲು, ಏಕೆಂದರೆ ಮರಗಳಿರುವುದೇ ಅಲ್ಲಿ ಬಂಡವಾಳ. ಕೆಟ್ಟದ್ದು ಅದರ ಹೆಸರಿನಲ್ಲಿ ಮನೆಯವರೇ ಇಲ್ಲದ, ನಲವತ್ತು ಜನರಿಗೆ ಹಾಸಿಗೆ ಇರುವ, ಗುತ್ತಿಗೆಗೆ ಕೊಟ್ಟ ಕಟ್ಟಡಗಳು ಬಂದಾಗ.

ಸಂಖ್ಯೆಯ ಮಿತಿ ಹಾಕುವ ಮಾತು ಈಗ ಎಲ್ಲೆಡೆ ಇದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಊಟಿಗೂ ಕೊಡೈಕನಾಲಿಗೂ ಹೋಗುವ ವಾಹನಗಳಿಗೆ ಇ-ಪಾಸ್ ಬೇಕು. ನಮ್ಮಲ್ಲಿ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನ ಸಂತೆಯಂತೆ ಸೇರಿದ ಚಿತ್ರಗಳು ಹರಡಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ತಡೆದು, ಆಮೇಲೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸುವ, ದಿನಕ್ಕೆ ಇಂತಿಷ್ಟೇ ಜನ ಎಂಬ ವ್ಯವಸ್ಥೆಯನ್ನು ತಂದಿತು. ನಾನು ಇದನ್ನು ಒಪ್ಪುತ್ತೇನೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳು 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿವೆ; ಅಲ್ಲಿಗೆ ಎಣಿಕೆಯಿಲ್ಲದೆ ಜನ ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಬಾಗಿಲಲ್ಲಿ ತಲೆ ಎಣಿಸುವುದರಿಂದ ಅವಸರ ಕಡಿಮೆಯಾಗುವುದಿಲ್ಲ. ದಿನಕ್ಕೆ 300 ಜನರನ್ನು ಬಿಟ್ಟರೆ ಆ 300 ಜನ ಅಲ್ಲಿಂದ ಇಳಿದು ಸಂಜೆಯೊಳಗೆ ಇನ್ನೊಂದು ಕಡೆಗೆ ಓಡುತ್ತಾರೆ. ನನ್ನ ಕೈಯಲ್ಲಿ ಅಧಿಕಾರವಿದ್ದರೆ ಮೊದಲು ಎಣಿಸುತ್ತಿದ್ದದ್ದು ಕಡಿದಾದ ಇಳಿಜಾರಿನ ಮೇಲಿರುವ ಹಾಸಿಗೆಗಳನ್ನು, ಎರಡನೆಯದಾಗಿ ಒಂದು ರಾತ್ರಿಗೆ ಮಾತ್ರ ಬಂದು ಹೋಗುವ ಕಾರುಗಳನ್ನು. ನಾಲ್ಕು ರಾತ್ರಿ ಇರುವ ಒಂದು ಕುಟುಂಬ ಒಂದೊಂದು ರಾತ್ರಿಯ ನಾಲ್ಕು ಕುಟುಂಬಗಳಷ್ಟೇ ಬಾಡಿಗೆ ಕೊಡುತ್ತದೆ, ದಾರಿಯ ಹೊಗೆ ನಾಲ್ಕನೇ ಒಂದು ಪಾಲು, ತೊಳೆಯುವ ಹಾಸುಬಟ್ಟೆಯೂ ಬಹಳ ಕಡಿಮೆ. ಬಸ್ಸಿನಲ್ಲಿ ಬಂದರಂತೂ ಲೆಕ್ಕ ಇನ್ನೂ ಹಗುರ. ಮಡಿಕೇರಿಗೆ ಹಗಲೂ ರಾತ್ರಿಯೂ ಸರ್ಕಾರಿ ಬಸ್ಸುಗಳಿವೆ. 2018ರಲ್ಲಿ ಪ್ರಕಟವಾದ, 160 ದೇಶಗಳನ್ನು ಒಳಗೊಂಡ ಅಧ್ಯಯನವೊಂದು ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 8ರಷ್ಟು ಪ್ರವಾಸೋದ್ಯಮದ್ದು ಎಂದು ಲೆಕ್ಕ ಹಾಕಿತು, ಅದರಲ್ಲಿ ಸಾರಿಗೆಯ ಪಾಲು ದೊಡ್ಡದು. ಹೋಂಸ್ಟೇಯ ಬಿದಿರಿನ ಸ್ಟ್ರಾ, ಕಾಗದದ ಚೀಲಗಳಿಂದ ಆ ಪಾಲು ಕದಲುವುದಿಲ್ಲ.

ನಮ್ಮ ತೋಟದ ಮೇಲಿನ ಮನೆಯ ಅಣ್ಣ, ಅತ್ತಿಗೆ ಇದನ್ನು ತಮ್ಮ ಮಟ್ಟಿಗೆ ಮಾಡಿ ನೋಡುತ್ತಿದ್ದಾರೆ. ಹಳೆಯ ಮನೆಯ ಕೋಣೆಗಳನ್ನಷ್ಟೇ ಕೊಡುತ್ತಾರೆ, ಮೂರು ರಾತ್ರಿಗಿಂತ ಕಡಿಮೆಗೆ ಒಪ್ಪಿಕೊಳ್ಳುವುದಿಲ್ಲ, ಸ್ಪೀಕರಿಗೂ ಬೆಂಕಿ ಹಾಕಿ ಕುಣಿಯುವುದಕ್ಕೂ ಅವಕಾಶವಿಲ್ಲ. ನೋಡಬೇಕಾದ ಸ್ಥಳಗಳ ಪಟ್ಟಿ ಕೇಳಿದರೆ ಅತ್ತಿಗೆ ಗದ್ದೆಯ ಏರಿಯನ್ನು ತೋರಿಸುತ್ತಾರೆ. ಮೊದಲ ದಿನ ಬಂದವರಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲವಂತೆ, ಫೋನಿಗೆ ಸಿಗ್ನಲ್ ಹುಡುಕುತ್ತಾ ಅಂಗಳದಲ್ಲಿ ತಿರುಗುತ್ತಾರಂತೆ. “ಎರಡನೇ ದಿನ ಮಧ್ಯಾಹ್ನ ಊಟ ಆದ ಮೇಲೆ ಒಬ್ಬೊಬ್ಬರೇ ಜಗಲಿಯಲ್ಲಿ ಮಲಗಿ ನಿದ್ದೆ ಮಾಡ್ತಾರೆ ನೋಡು, ಆಗ ನನಗೆ ಗೊತ್ತಾಗ್ತದೆ ಇನ್ನು ಇವರದ್ದು ತಾಪತ್ರಯ ಇಲ್ಲ ಅಂತ,” ಎಂದು ಅತ್ತಿಗೆ ಹೇಳುತ್ತಾರೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುವಾಗ ಅತಿಥಿಗಳಿದ್ದರೆ ಅವರೂ ತೋಟದ ಅಂಚಿಗೆ ಹೋಗಿ ಜಿಗಣೆ ಕಚ್ಚಿಸಿಕೊಂಡು ಸೊಪ್ಪು ಕೊಯ್ದು ತರುತ್ತಾರೆ. ಕೆಲವರು ವರ್ಷ ವರ್ಷವೂ ಅದೇ ವಾರಕ್ಕೆ ಬರುತ್ತಾರೆ, ಈಗ ಬಸ್ಸಿನಲ್ಲೇ.

ಆದರೆ ಅಣ್ಣನ ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. ಮೂರು ರಾತ್ರಿಯ ಷರತ್ತು ಕೇಳಿದ ಕೂಡಲೇ ಫೋನ್ ಇಡುವವರೇ ಹೆಚ್ಚು. ಶುಕ್ರವಾರ ರಾತ್ರಿ ಬರುವವರಿಗೆ ಸೋಮವಾರ ಕಚೇರಿ ಇದೆ, ಅದು ಅವರ ತಪ್ಪೂ ಅಲ್ಲ. ಎದುರಿನ ಗುಡ್ಡದ ಕಟ್ಟಡದಲ್ಲಿ ಶನಿವಾರ ಒಂದೂ ಕೋಣೆ ಖಾಲಿ ಇರುವುದಿಲ್ಲ, ಅಲ್ಲಿನ ಸಂಗೀತ ಇವರ ಜಗಲಿಯವರೆಗೂ ಕೇಳಿಸುತ್ತದೆ, ನಿದ್ದೆ ಮಾಡಲು ಬಂದವರು ಇವರನ್ನೇ ದೂರುತ್ತಾರೆ. ಪಂಚಾಯಿತಿಗೆ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಮನೆಯ ಹೆಂಚು ಬದಲಿಸಲು ತೆಗೆದ ಸಾಲದ ಕಂತುಗಳು ಬಾಕಿ ಇವೆ. ಈ ವರ್ಷ ಕಾಫಿ ಬೆಲೆ ಕೈಹಿಡಿದರೆ ಷರತ್ತನ್ನು ಮುಂದುವರಿಸುವುದಾಗಿಯೂ, ಇಲ್ಲದಿದ್ದರೆ ಮೂರನ್ನು ಎರಡಕ್ಕೆ ಇಳಿಸುವುದಾಗಿಯೂ ಅಣ್ಣ ಹೇಳಿದ್ದಾರೆ. ಅತ್ತಿಗೆ ಮಾತ್ರ ಎರಡಕ್ಕೆ ಇಳಿಸುವ ಮಾತಿಗೆ ಇನ್ನೂ ಒಪ್ಪಿಲ್ಲ.